ಮಾನಸದ ಲೆಕ್ಕ

ಪಣಜಿಯ ಹಳೇ ಕಾಗದಗಳ ಕಚೇರಿಯಲ್ಲಿ
ನನ್ನ ಕೆಲಸ ಧೂಳು ಒರೆಸುವುದು, ಗೆದ್ದಲಿಗೆ ಮದ್ದು ಹೊಡೆಯುವುದು.
ಓದುವ ಸಾಹೇಬರು ರಜೆ. ಆ ದಿನವೇ ಬರಬೇಕೆ
ದೀವಾಡಿಯಿಂದ ಫೆರಿ ಹತ್ತಿ ಪ್ಲಾಸಿದಾಬಾಯಿ,
ಚೀಲದಲ್ಲಿ ಕನ್ನಡಕ, ಎರಡು ಪಾವು, ವಕೀಲನ ಚೀಟಿ:
'ನಮ್ಮೂರ ಗಾಂವಕಾರಿಯ ಹಳೇ ವಹಿ ತೆಗೆ.'

ತೆಗೆದೆ. ಹುಳು ತಿಂದ ಅಂಚು, ಕಂದುಗಟ್ಟಿದ ಮಸಿ.
ನೋಡಿದರೆ, ಅರೆ, ಕ, ರ, ಲ!
ತಲೆಕಟ್ಟು ವಾಲಿದ, ಕೊಂಬು ಉದ್ದವಾದ
ನಮ್ಮವೇ ಅಕ್ಷರ, ದೂರದ ಸೋದರಮಾವನ ಮೂಗಿನ ಹಾಗೆ.
ವಾಸ್ಕೋದ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕೂತವನು ನಾನು;
ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ
ಗೋಡೆಗೆ ಇದ್ದಿಲ ಗೆರೆ ಎಳೆದು ಕೂಲಿ ಎಣಿಸುತ್ತಿದ್ದ.
ಬೆರಳಿಟ್ಟು ಕೂಡಿಸಿ ಓದಿದೆ. ಬಾಯಿಗೆ ಬಂತು, ಅರ್ಥ ಬರಲಿಲ್ಲ.
ನನಗೆ ಗೊತ್ತಿರುವುದು ಮೀನುಪೇಟೆಯ ಕೊಂಕಣಿ,
ಇದು ಕೆಸರುಗದ್ದೆಯದು, ಇನ್ನೂರೈವತ್ತು ವರ್ಷದ್ದು.

'ಮಾನಸ' ಎಂದು ಓದಿ ಮನಸ್ಸೆಂದುಕೊಂಡೆ.
ಮುದುಕಿ ನಕ್ಕಳು: 'ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ
ತಡೆವ ತೂಬಿನ ಬಾಗಿಲು ಮಗಾ ಅದು. ಮುಂದೆ ಓದು.'
ಹಾಗೇ ನಡೆಯಿತು. ಅಕ್ಷರ ನನ್ನದು, ಕಿವಿ ಅವಳದು,
ನಡುವೆ ಎಲ್ಲೋ ಕೂತು ಬರೆಯುತ್ತಿದ್ದ ರವಳು ಶೆಣವಿ:

ಅಮಾವಾಸ್ಯೆಯ ಉಬ್ಬರಕ್ಕೆ ಮಾನಸ ಮುರಿದ ರಾತ್ರಿ
ಕೆಸರು ಹೊತ್ತ ನಾಲ್ವರು ಹೆಂಗಸರಿಗೆ ತಲಾ ಒಂದು ಕುಡವ ಭತ್ತ.
ಹೆಸರಿದೆ ನಾಲ್ವರದೂ. ಒಬ್ಬಳು ಬಸುರಿ,
ಅವಳಿಗೆ ಇನ್ನರ್ಧ, 'ಒಳಗಿರುವವರಿಗೆ'.

ಪಕ್ಕದ ಕಪಾಟಿನಲ್ಲಿ ಅದೇ ವರ್ಷದ ಪೋರ್ತುಗೀಜ ಪುಸ್ತಕ,
ಅರಸನ ಮೊಹರು, ಅಡಿಪಟ್ಟಿ ಇಟ್ಟು ಎಳೆದ ಎರಡು ಮನೆ:
'ದೇವೆ', 'ಅವೇರ್'. ದೇವರಲ್ಲ; ಕೊಡಬೇಕಾದ್ದು, ಬರಬೇಕಾದ್ದು.
ಇದನ್ನು ಅವಳೇ ಓದಿದಳು, ಸಿಸ್ಟರುಗಳು ಹೊಡೆದು ಕಲಿಸಿದ ಭಾಷೆ.
ಆ ರಾತ್ರಿ, ಆ ಕೆಸರು, ಆ ನಾಲ್ವರು
ಎಲ್ಲ ಸೇರಿ ಒಂದೇ ಮಾತು: 'ದಿವೆರ್ಸುಶ್'.
ಇತರೆ ಖರ್ಚು.
ಮೊತ್ತ ಮಾತ್ರ ಕರಾರುವಾಕ್ಕು. ನಾಲ್ಕೂವರೆ ಕುಡವ.

ವಕೀಲನಿಗೆ ಇದರಿಂದ ಏನಾದೀತೋ, ಗೊತ್ತಿಲ್ಲ.
ನಕಲಿಗೆ ಇಪ್ಪತ್ತು ರೂಪಾಯಿ. ಕರವಸ್ತ್ರದ ಗಂಟು ಬಿಚ್ಚಿ ಎಣಿಸಿದಳು.
ರಸೀದಿಯಲ್ಲೊಂದು ಮನೆ ಇದೆ, 'ಉದ್ದೇಶ'.
ದಿನಾ ಬರೆದು ಬರೆದು ಪಳಗಿದ ಕೈ
'ಇತರೆ' ಎಂದು ಬರೆದೇಬಿಟ್ಟಿತ್ತು.

ಹೊಡೆದುಹಾಕಿದೆ. ಜಾಗ ಸಾಲದೆ ಅಂಚಿನಲ್ಲಿ
ನಾಲ್ಕು ಗೆರೆ ಎಳೆದೆ, ಅಪ್ಪನ ಹಾಗೆ,
ಪಕ್ಕದಲ್ಲಿ ಒಂದು ಚಿಕ್ಕದು.