ಝ

ಹುಮನಾಬಾದದ ರೈತ ಸಂಪರ್ಕ ಕೇಂದ್ರದಲ್ಲಿ
ನನ್ನ ಕಂಪ್ಯೂಟರಿನ ಶಿಫ್ಟ್ ಕೀ
ಮೂರು ವರ್ಷದಿಂದ ಅರ್ಧ ಮನಸ್ಸಿನದು.
ಜೋರಾಗಿ ಒತ್ತಿ ಹಿಡಿದರೆ ಝ.
ಬೆರಳು ಸಡಿಲಾದರೆ ಜ.

ಬಿತ್ತನೆಯ ದಿನಗಳು. ಹೊರಗೆ
ಸಬ್ಸಿಡಿ ಸೋಯಾ ಚೀಲಕ್ಕೆ ಪಹಣಿ ಹಿಡಿದವರು,
ತಾಡಪತ್ರಿಗೆ ಚೀಟಿ ಹಿಡಿದವರು,
ಜೆರಾಕ್ಸ್ ಹಾರದಂತೆ ಕಿಟಕಿಯ ಮೇಲೆ ಕೀಲಿಯಿಲ್ಲದ ಒಂದು ಬೀಗ.
ನನಗೆ ದಿನಕ್ಕೆ ನೂರಿಪ್ಪತ್ತು ಹೆಸರು.
ಎಷ್ಟನೆಯದಕ್ಕೋ ಬೆರಳು ಸಡಿಲಾಯಿತು.

ಎರಡು ಕಂತು ದಾಟಿದ ಮೇಲೆ ಅವರು ಬಂದರು,
ಗಡವಂತಿಯವರು.
ಇಸ್ತ್ರಿಯ ಧೋತರ, ಕಿಸೆಯಲ್ಲಿ ಎರಡು ಪೆನ್ನು.
ಬಾವಿಯಲ್ಲಿ ನೀರಿದೆ, ಕಬ್ಬು ಕಾರ್ಖಾನೆ ಸೇರಿದೆ,
ಯಾರ ಬಾಕಿಯೂ ಇಲ್ಲ.

"ಎರಡು ಸಾವಿರಕ್ಕ ಬಂದಿಲ್ಲ ತಂಗೀ.
ಪಂಚಾಯ್ತಿ ಗ್ವಾಡಿಗಿ ಪಟ್ಟಿ ಹಚ್ಯಾರ.
ಓಣ್ಯಾಗಿನ ಎಲ್ಲಾರೂ ಅದಾರ,
ಹೊಲಾ ಮಾರಿ ಕುಂತ ಘಾಳೆಪ್ಪ ಸೈತ ಅದಾನ.
ನಾನೇ ಇಲ್ಲ.
ನೀನೇ ಹೇಳು, ನಾ ಅದೀನೋ ಇಲ್ಲೋ?"

ಪರದೆಯ ಮೇಲೆ ಕೆಂಪಕ್ಷರ:
ಹೆಸರು ಹೊಂದುತ್ತಿಲ್ಲ.
ಪಹಣಿಯಲ್ಲಿ ಝರೆಪ್ಪ.
ಆಧಾರದಲ್ಲಿ ಇಂಗ್ಲಿಷಿನ ಕೊನೆಯ ಅಕ್ಷರದಿಂದ ಶುರು.
ಪಾಸ್‌ಬುಕ್ಕಿನಲ್ಲಿ ಲಾತೂರಿನ ಸಾಹೇಬರ ಕೈ, ಝರಾಪಾ.
ಅವರಜ್ಜನ ಹೊಲದ ಉರ್ದು ಕಾಗದದಲ್ಲಿ
ಒಂದು ಚುಕ್ಕೆ, ಒಂದು ಬಾಲ, ಉಳಿದದ್ದು ಓದುವವನ ಪುಣ್ಯ.
ನಮ್ಮಲ್ಲಿ ಜರೆಪ್ಪ.
ಅದು ನನ್ನ ಬೆರಳೆಂದು ನಾನು ಹೇಳಲಿಲ್ಲ.

ಅವರು ಬೆಂಚಿಗೆ ಕೂತು ಹೇಳಿದರು:
"ನಮ್ಮವ್ವ ಬೀದರದ ಝರಣಿ ಗವಿಯಾಗ
ಎದಿಮಟ ನೀರಾಗ ನಡದು ಹರಕಿ ಹೊತ್ತಿದ್ಳು.
ಮ್ಯಾಲ ಬಾವಲಿ, ಕಾಲಾಗ ಉಸುಕು,
ನನ್ನ ಬೇಡ್ಕೊಂಡು ಬಂದಾಳ.
ಸಾಲ್ಯಾಗ ಮಾಸ್ತರು ಝ ಬರದ್ರ
ಇಡೀ ವರ್ಗ ನನ್ನ ಕಡಿ ತಿರಗತಿತ್ತು.
ಆ ಅಕ್ಷರಕ್ಕ ಬ್ಯಾರೆ ಯಾರ್ ಇದ್ರು?"

ಫೋನು ಮಾಡಿದೆ. ಮೇಲಿನವರೆಂದರು:
ನಮ್ಮದನ್ನು ತಿದ್ದಲು ಬರುವುದಿಲ್ಲ, ಲಾಕಾಗಿದೆ.
ಉಳಿದ ಮೂರನ್ನೂ ಅದರಂತೆ ಮಾಡಿಸಿ ಬಿಡಿ.
ಎಲ್ಲ ಕಡೆಗೂ ಒಂದೇ ತಪ್ಪಿದ್ದರೆ
ಅದೇ ಸರಿ.

ಮಾಡಿಸಿದೆ.
ಹದಿನೇಳು ದಿನ, ಒಂದು ಅಫಿಡವಿಟ್, ನಾಲ್ಕು ಹೆಬ್ಬೆಟ್ಟು
(ಎರಡು ಪೆನ್ನಿನ ಮನುಷ್ಯನಿಗೆ ಹೆಬ್ಬೆಟ್ಟು).
ಝರಿ ಬತ್ತಿತು, ಜರೆ ಉಳಿಯಿತು.
ನಿಘಂಟು ತೆಗೆದು ನೋಡಿದ್ದೆ: ಜರೆ, ಮುಪ್ಪು; ಜರೆ, ಬಯ್ಯಿ.
ಅದನ್ನೂ ಹೇಳಲಿಲ್ಲ.

ಶ್ರಾವಣದಲ್ಲಿ ದುಡ್ಡು ಬಿತ್ತು.
ಮೆಸೇಜು ತೋರಿಸಲು ಅವರು ಬರಲಿಲ್ಲ,
ಎಲ್ಲರೂ ಬರುತ್ತಾರೆ, ಪೇಢೆ ಹಿಡಿದು.

ಬೆಳೆ ಸಮೀಕ್ಷೆಗೆ ಗಡವಂತಿಗೆ ಹೋದಾಗ
ಪಂಚಾಯಿತಿಯ ಗೋಡೆಯ ಮುಂದೆ ನಿಂತೆ.
ಹೊಸ ಪಟ್ಟಿ, ಅಂಟು ಇನ್ನೂ ಹಸಿ.
ಎಂಬತ್ತೇಳನೆಯ ಸಾಲಿನಲ್ಲಿ
ನೀಲಿ ಶಾಯಿಯ ಪೆನ್ನೊಂದು ಅಚ್ಚಿನ ಜ ಹೊಡೆದುಹಾಕಿ
ಪಕ್ಕದಲ್ಲೇ, ಸಾಲೆಯ ಹುಡುಗನ ಗುಂಡಗಿನ ಅಕ್ಷರದಲ್ಲಿ,
ಮೈ ಹೊರಳಿಸಿ, ಬಾಲ ಎಳೆದು—
ಬಾಲದ ತುದಿಗೆ ಬರುವಷ್ಟರಲ್ಲಿ ಶಾಯಿ ತೀರಿತ್ತು.

ಪಟ್ಟಿ ತಿದ್ದುವುದು ಶಿಕ್ಷಾರ್ಹವೆಂದು ಕೆಳಗೆ ಅಚ್ಚಾಗಿದೆ.
ಸಹಿ ನಮ್ಮ ಸಾಹೇಬರದು.

ಆಚೀಚೆ ನೋಡಿದೆ.
ಒಂದು ಎಮ್ಮೆ, ಬೀಡಿ ಹಚ್ಚುತ್ತಿದ್ದ ಒಬ್ಬ ಹುಡುಗ.
ವ್ಯಾನಿಟಿ ಬ್ಯಾಗಿನಿಂದ ಪೆನ್ನು ತೆಗೆದು
ಆ ತುದಿಯನ್ನು ಮುಗಿಸಿದೆ,
ಜೋರಾಗಿ ಒತ್ತಿ ಹಿಡಿದು.