ಹಂಬು ಮೊಳೆ

ಸಂತೇಪೇಟೆಯ ಹಗ್ಗದಂಗಡಿಯ ಹಿಂದೆ
ನಾನು ಅಕ್ಷರ ಕಲಿತದ್ದು ತಿರುವುಮುರುವಾಗಿ,
ಸೀಸದಲ್ಲಿ, ಸೀಮೆಎಣ್ಣೆ ವಾಸನೆಯಲ್ಲಿ.
ಇಸ್ಕೂಲಿನ ಹಲಗೆಯ ಮೇಲೆ ಮೇಷ್ಟ್ರು ಬರೆದ ‘ಅ’ ಕಂಡು
‘ತಪ್ಪು ಸಾ, ಉಲ್ಟಾ ಬರ್ದಿದ್ದೀರಿ’ ಅಂದು
ಕಿವಿ ಹಿಂಡಿಸಿಕೊಂಡಿದ್ದೆ.

ಪ್ರೆಸ್ಸಿನ ಮೂಲೆಯ ಕೇಸಿನಲ್ಲಿ ಹಂಬು ಮೊಳೆ.
ದೊಡ್ಡಹಂಬು, ನಡುಹಂಬು, ಎಳೆಹಂಬು, ಒಂದೇ ಮನೆಯವು.
ತಲೆಕಟ್ಟಿಗೆ ಮೊಗ್ಗು, ಕೊಂಬಿಗೆ ಸುಳಿ,
ಹೊಟ್ಟೆಯೊಳಗೆ ಕೂದಲೆಳೆಯ ಗೆರೆಗಳ ನೆರಳು.

ರೇವಣಾರಾಧ್ಯರು ಹೇಳುತ್ತಿದ್ದರು:
ಅವರ ತಾತನ ಕಾಲಕ್ಕೆ ಸೀಮೆಯಿಂದ ಒಂದು ಕ್ಯಾಟಲಾಗು ಬಂತಂತೆ,
ಅವರ ಅಕ್ಷರಕ್ಕೆಲ್ಲ ದ್ರಾಕ್ಷಿಬಳ್ಳಿ ಸುತ್ತಿದ್ದು.
ಯಜಮಾನರು ಒಡವೆ ಮಾಡುವ ಕಾಳಾಚಾರಿಯನ್ನು ಕರೆಸಿ
‘ನಮ್ಮವಕ್ಕೂ ಹೀಗೇ ಉಡಿಸು’ ಅಂದರಂತೆ.
ಅವನು ದ್ರಾಕ್ಷಿ ಕಂಡವನಲ್ಲ.
ಹಿತ್ತಲ ಹೀರೇಬಳ್ಳಿ ನೋಡಿಕೊಂಡು ಉಕ್ಕಿನಲ್ಲಿ ಕೊರೆದ.
ಮೂರು ವರ್ಷ.
ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಕಣ್ಣು ಮಂಜು.
ಅದಕ್ಕೇ ಒತ್ತುಗಳೆಲ್ಲ ಬೋಳು:
ಮೇಲೆ ಮದುವಣಗಿತ್ತಿ, ಕೆಳಗೆ ಬರಿಗಾಲು.

ನಿಜವೋ, ಆರಾಧ್ಯರ ಬಾಯಿಯ ಎಲೆಅಡಿಕೆಯ ರಸವೋ.
ಮೊಳೆಗಳಂತೂ ಬರಿಗಾಲಲ್ಲೇ ಇದ್ದವು.

ಹಂಬು ಮೊಳೆ ಮದುವೆಗೆ, ನಾಮಕರಣಕ್ಕೆ,
ಅಪರೂಪಕ್ಕೆ ಊದುಬತ್ತಿಯ ಚೀಟಿಗೆ.
ಸಾವಿಗೆ ಸಾದಾ ಮೊಳೆ, ಕಪ್ಪು ಅಂಚು.
ಯಾರೂ ಬರೆದಿಟ್ಟ ಕಾನೂನಲ್ಲ,
ಆದರೂ ಕೈ ತಾನಾಗಿ ಆ ಕೇಸಿಗೆ ಹೋಗುತ್ತಿರಲಿಲ್ಲ.

ಒಂದು ಆಷಾಢ. ಮದುವೆಯಿಲ್ಲ, ಟ್ರೆಡಲ್ಲು ಮಲಗಿತ್ತು.
ಕೆಸರೆಯಿಂದ ಮರಿಗೌರಮ್ಮ ಬಂದು
ಸೆರಗಿನ ಗಂಟು ಬಿಚ್ಚಿ ಒಂದು ಲಗ್ನಪತ್ರಿಕೆ ತೆಗೆದಳು.
ಮಡಿಕೆಯಲ್ಲಿ ಸೀಳಿತ್ತು, ಮೂಲೆಯ ಅರಿಶಿನ ಹೋಗಿರಲಿಲ್ಲ.
‘ಹನ್ನೊಂದನೇ ದಿನದ ಕಾಗದ. ಇದೇ ಅಕ್ಷರ ಹಾಕಿಕೊಡಿ.’
ಆರಾಧ್ಯರು ಕನ್ನಡಕ ತೆಗೆದರು.
‘ಹಾಗೆ ಹಾಕಬಾರದು ಕಣವ್ವ.’
‘ಹೆಸರು ಅದೇ ಅಲ್ವಾ?’ ಅಂದಳು.

ಹಗ್ಗದಂಗಡಿಯವನು ನಾರು ಬಡಿಯುವ ಸದ್ದು
ಎಷ್ಟು ಹೊತ್ತು ಕೇಳಿತೋ.
ಆರಾಧ್ಯರು ಎದ್ದು ಮೂಲೆಯ ಕೇಸು ಎಳೆದರು.
ತಮ್ಮಯ್ಯ. ಎರಡು ಒತ್ತು,
ಎರಡೂ ಬರಿಗಾಲು.
ಮೇಲಿನ ‘ಶ್ರೀ’ ತೆಗೆದು ಅಂಗೈಯಲ್ಲಿ ಹಿಡಿದೇ ನಿಂತರು,
ಇಡುವ ಮನೆ ಮರೆತವರ ಹಾಗೆ.
ನೂರು ಪ್ರತಿ. ದುಡ್ಡು ಇಸಿದುಕೊಳ್ಳಲಿಲ್ಲ,
ಬೇಡವೆಂದೂ ಅನ್ನಲಿಲ್ಲ. ಅವಳು ಮೇಜಿನ ಮೇಲಿಟ್ಟು ಹೋದಳು.

ಆಫ್‌ಸೆಟ್ಟು ಬಂತು. ಮಂಡಿಯ ಗುಜರಿಯವನು ತಕ್ಕಡಿ ತಂದ.
ಕೇಸು ಬೋರಲು ಹಾಕುವ ಮುಂಚೆ ನಾನು ಕೊನೇ ಸಲ ನೋಡಿದೆ:
‘ಶ್ರೀ’ ಸವೆದು ನದಿಯ ಕಲ್ಲು,
‘ವಿ’ಯ ಹಂಬು ಉದುರಿ ಬರೀ ಕಡ್ಡಿ.
ಊರಿಗೆ ಬೇಕಾದದ್ದೆಲ್ಲ ಹಾಗೆ ತೇದುಹೋಗಿತ್ತು.
‘ಙ’ ಒಂದು ಮಾತ್ರ ಹೊಚ್ಚಹೊಸದು,
ಯಾರ ಹೆಸರಿಗೂ ಒದಗದ್ದು.
ಕಾಳಾಚಾರಿಯ ಹೀರೆ ಅದರಲ್ಲಿ
ಎಲೆ ಎಲೆಯಾಗಿ ಇನ್ನೂ ಹಬ್ಬುತ್ತಿತ್ತು.

ತೂಕಕ್ಕೆ ಬಾರದು, ಇಟ್ಟುಕೋ ಅಂದ.

ಈಗಲೂ ಹೆಬ್ಬೆರಳಿಗೆ ಒತ್ತಿದರೆ
ಗಳಿಗೆ ಹೊತ್ತು ಸರಿಮುಖವಾಗಿ ಮೂಡುತ್ತದೆ.
ಓದಬಹುದು.
ಆಮೇಲೆ ಚರ್ಮ ತುಂಬಿಕೊಳ್ಳುತ್ತದೆ.