ನಾಲ್ಕು ಬೆರಳ ಸಂದು

ಜೋರಾಪುರ ಪೇಟೆ ದಾಟಿ, ಕಬ್ಬಿಣದ ಅಂಗಡಿಗಳ ಹಿಂದೆ,
ಹೆಸರು ಅಳಿಸಿಹೋದ ಮಸೀದಿಯೊಂದರ ಬಲ ಪಕ್ಕೆಗೆ
ಒಂದು ಸಣ್ಣ ಕೋಣೆ.
ಹಳೆಯ ನಕ್ಷೆಯಲ್ಲಿ ಅದರ ಹೆಸರು ‘ಲಗತ್ತು’.
ಅರ್ಜಿಗೆ ಪಿನ್ನು ಚುಚ್ಚಿದ ಹಾಗೆ
ಯಾರೋ ಆಮೇಲೆ ತಂದು ಚುಚ್ಚಿದ್ದೆಂದು ಅರ್ಥ.

ಟೇಪಿನ ಈ ತುದಿಗೆ ನಾನು. ಆ ತುದಿಗೆ
ಗೈಬೂಸಾಬ, ಗಚ್ಚಿನ ಕೆಲಸದವನು,
ವಿಜಯಪುರದ ಅರ್ಧ ಗುಮ್ಮಟಗಳ ಗಾಯ ತೊಳೆದ ಮನೆತನ.
ನಾನು ಮೀಟರಿನಲ್ಲಿ ಕೂಗುತ್ತೇನೆ,
ಅವನು ಗೇಣಿನಲ್ಲಿ ತಿದ್ದುತ್ತಾನೆ.
ಎಂಟು ದಿನಕ್ಕೆ ಇಬ್ಬರ ಲೆಕ್ಕವೂ ಕೂಡಿತು,
ಮೂಲೆ ಮಾತ್ರ ಕೂಡಲಿಲ್ಲ.

ತೊಂಬತ್ತು ಇರಬೇಕಾದಲ್ಲಿ ಎಂಬತ್ತೇಳು.
ಮತ್ತೆ ಅಳೆದೆ. ಎಂಬತ್ತೇಳು.
ಕೋಣೆ ತುಸು ಮುಖ ತಿರುವಿ ನಿಂತಿದೆ,
ಫೋಟೋ ತೆಗೆಯುವ ಹೊತ್ತಿಗೆ ಯಾರೋ ಕರೆದಂತಾಗಿ
ಕತ್ತು ಹೊರಳಿಸಿದ ಹುಡುಗಿ.

ಒಳಗೆ ಎಂಟು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ.
ನಾಲ್ಕು ಮೂಲೆಗೆ ನಾಲ್ಕು ಕಿರುಕಮಾನು
ಚೌಕವನ್ನು ಅಷ್ಟಕೋನ ಮಾಡಿ, ಅಷ್ಟಕೋನವನ್ನು
ಮೆಲ್ಲಗೆ ದುಂಡಗಾಗಿಸಿ ಮೇಲಕ್ಕೆ ಕೊಟ್ಟಿವೆ,
ಹೆರಿಗೆಮನೆಯಲ್ಲಿ ಕೈಯಿಂದ ಕೈಗೆ ಕೂಸು ದಾಟಿಸಿದ ಹಾಗೆ.
ಮರವೆಂದು ನಂಬಿಸುವ ಕಲ್ಲಿನ ತೊಲೆಗಳು;
ಮೊಳೆಯ ತಲೆಯನ್ನೂ ಬಿಡದೆ ಕೆತ್ತಿದ್ದಾನೆ, ಕಳ್ಳ.
ಗೋರಿಯಿಲ್ಲ. ಬರಹವಿಲ್ಲ.
ಗಚ್ಚಿನಲ್ಲಿ ಒಂದು ಅಂಗೈ ಗುರುತು ಮಾತ್ರ,
ಹಸಿಯಿದ್ದಾಗ ಒತ್ತಿದ್ದು. ಕಿರುಬೆರಳು ಸೊಟ್ಟ.

ಹತ್ತನೆಯ ದಿನ ಗೈಬೂಸಾಬ ಹೊರಗಿನಿಂದ ಕರೆದ:
“ಅಕ್ಕಾರ, ಇಲ್ಲಿ ಬರ್ರಿ. ಎರಡೂ ಗ್ವಾಡಿ ಕೈ ಹಿಡದಿಲ್ರಿ.”
ನಿಜ. ಕಲ್ಲಿನ ಹಲ್ಲಿಗೆ ಕಲ್ಲು ಕೂತಿಲ್ಲ.
ಪಾಯದಿಂದ ಛಜ್ಜದವರೆಗೆ ಒಂದೇ ನೇರ ಗೆರೆ,
ನಡುವೆ ನಾಲ್ಕು ಬೆರಳ ಕತ್ತಲೆ.
ಬ್ಯಾಟರಿ ಬಿಟ್ಟೆವು.
ಕಂಡದ್ದು ಕೋಣೆಯ ಹೊರಮೈ:
ಮಳೆ ತಿಂದ ಕಲ್ಲು, ಬಿಸಿಲಿಗೆ ಬಿಳಿಚಿದ ಗಚ್ಚು,
ಕಮ್ಮಿಯೆಂದರೂ ನೂರು ವರ್ಷ ಬಯಲಲ್ಲಿ ನಿಂತ ಮೈ.

“ಆಮ್ಯಾಲ ಬಂದಾಕಿ ಇಕಿ ಅಲ್ರಿ,” ಅಂದ.
“ಆ ದೊಡ್ಡದು ಬಂದು ಇಕಿ ಪಕ್ಕಕ್ಕ ಕುಂತದ.”

ಇನ್ನೂ ಒಳಗೆ, ಎದೆಯೆತ್ತರಕ್ಕೆ, ಒಂದು ದೀಪದ ಗೂಡು,
ಹೊರಗಿನ ದಾರಿಗೆ ಮುಖ ಮಾಡಿದ್ದು.
ಆಗ ಇಲ್ಲೊಂದು ದಾರಿ ಇತ್ತು ಎನ್ನಬೇಕು.
ಗೂಡಿನ ಎದುರಿಗೆ ದೊಡ್ಡ ಗೋಡೆಯ ಕಲ್ಲನ್ನು
ಬೋಗುಣಿಯಷ್ಟು ಒಳಕ್ಕೆ ತೋಡಿದೆ;
ಉಳಿಯ ಏಟು ಇನ್ನೂ ನಿನ್ನೆಯದರಂತಿದೆ.
ಸುಲ್ತಾನನಿಗೆ ಕಾಣದು, ಮುತವಲ್ಲಿಗೆ ಕಾಣದು,
ಕೂಲಿಯ ಲೆಕ್ಕಕ್ಕೂ ಬಾರದು ಈ ಅರ್ಧ ದಿನದ ಕೆಲಸ.
ಮುಚ್ಚಿಹೋಗುವ ದೀಪಕ್ಕೆ ಉಸಿರಾಡಲು ಜಾಗ ಬಿಟ್ಟವನು
ಯಾರಿಗೆ ಅಂಜಿದ? ಎಣ್ಣೆ ಹಾಕುತ್ತಿದ್ದ ಮುದುಕಿಗೋ?
ಅಥವಾ ಕಲ್ಲೇ ಮೊದಲು ಹಾಗೆ ಒಡೆದಿತ್ತೋ,
ಹೊತ್ತು ಮುಳುಗಿತೆಂದು ತಿರುವಿ ಇಟ್ಟನೋ?
ಗೈಬೂಸಾಬ ರೊಟ್ಟಿ ಬಿಚ್ಚುತ್ತ,
“ಅಂವನ್ನs ಕೇಳಬೇಕ್ರಿ,” ಎನ್ನುತ್ತಾನೆ.

ಬಳೆ ತೆಗೆದಿಟ್ಟು ಕೈ ಹಾಕಿದೆ, ಮೊಣಕೈವರೆಗೆ.
ನಡುಬೆರಳಿಗೆ ಕಪ್ಪು ಅಂಟಿತು.

ಅಂದಾಜುಪಟ್ಟಿಯ ಹದಿನಾರನೆಯ ಸಾಲು:
‘ಲಗತ್ತಿನ ಸಂದನ್ನು ಸಿಮೆಂಟಿನಿಂದ ತುಂಬುವುದು.’
ಚೀಲಗಳು ಬಂದು ಇಳಿದಿವೆ.
ಗೈಬೂಸಾಬ ಅವುಗಳ ಮೇಲೆ ಅಂಗಿ ಒಣಹಾಕಿದ್ದಾನೆ.

ಐವತ್ತಕ್ಕೊಂದರ ನಕ್ಷೆಯಲ್ಲಿ ನಾಲ್ಕು ಬೆರಳೆಂದರೆ
ಒಂದೂವರೆ ಮಿಲಿಮೀಟರು.
ಎರಡು ಗೆರೆ ಎಳೆದರೆ ಮಸಿ ಹರಡಿ ಒಂದಾಗುತ್ತದೆ.
ಮೂರು ಹಾಳೆ ಕೆಡಿಸಿದೆ.
ನಾಲ್ಕನೆಯದರಲ್ಲಿ ಬಿಳಿ ಉಳಿಯಿತು, ಕೂದಲೆಳೆಯಷ್ಟು.

ಸಾಹೇಬರು ಹಾಳೆಯನ್ನು ಕಿಟಕಿಗೆ ಹಿಡಿದರು.
“ಇಲ್ಲಿ ಪೆನ್ನು ಜಾರಿದೆ.”
“ಇಲ್ಲ ಸರ್. ಅಲ್ಲಿ ಹಾಗೇ ಇದೆ.”
“ಸರಿ, ಮತ್ತೆ ಈ ಕಪ್ಪು?”
ಮೂಲೆಯಲ್ಲಿ, ಎಂಬತ್ತೇಳರ ಪಕ್ಕ,
ನನ್ನ ನಡುಬೆರಳು ಕೂತಿತ್ತು.
“ಅದು ದೀಪದ್ದು ಸರ್,” ಎಂದೆ.

ಅವರು ಮೇಜಿನ ಖಾನೆ ಎಳೆದು
ರಬ್ಬರು ಹುಡುಕತೊಡಗಿದರು.